ಮೇಷ್ಟ್ರ ಕಾರಿಗೆ ಹಗುರದ ಬ್ಯಾಟರಿ

ಬ್ಯಾಟರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಪ್ಪ ನನ್ನ ಕಡೆ ತಿರುಗಿದರು. "ಒಳಗೆ ಆಪರೇಷನ್ ಮಾತು ಎತ್ತಿದೆ ಅಂದ್ರೆ ನೋಡು."

ಅವರು ಹೇಳಬೇಕಾಗಿರಲಿಲ್ಲ. ಅಮ್ಮ ಅನ್ನುವ ಹಾಗೆ, ನನ್ನ ಬಾಯಿಂದ ಮಾತು ತೆಗೆಯುವುದಕ್ಕಿಂತ ಕಲ್ಲಿಂದ ನಾರು ತೆಗೆಯುವುದು ಸುಲಭ.

ಅಪ್ಪ ಕಾರು ಕಲಿಸುವ ಮೇಷ್ಟ್ರು. ಎರಡು ತಿಂಗಳ ಹಿಂದೆ ಅವರ ಎದೆ ಕೊಯ್ದು ಆಪರೇಷನ್ ಮಾಡಿದ್ದರು. ಊರಿಗೆಲ್ಲ ಹೇಳಿದ್ದು ಮಾತ್ರ "ಅಕ್ಕನ ಮನೆಗೆ ಹೋಗಿದ್ದೆ" ಎಂದು. ಎದೆ ಹಿಡಿದುಕೊಳ್ಳುವ ಮೇಷ್ಟ್ರನ್ನು ನಂಬಿ ಯಾರು ಸ್ಟೇರಿಂಗ್ ಹಿಡಿಯುತ್ತಾರೆ? ಕಾರು ನಡೆಸಲು ಡಾಕ್ಟರು ಒಪ್ಪಿದ್ದರು. ಭಾರ ಎತ್ತುವುದಕ್ಕೆ ಮಾತ್ರ ಇನ್ನೂ ಒಪ್ಪಿರಲಿಲ್ಲ. ತುಂಬಿದ ಬಕೆಟ್ ಕೂಡ ಮುಟ್ಟಕೂಡದು ಎಂದಿದ್ದರು.

ನಮ್ಮ ಬೀದಿಯಲ್ಲಿ ಕಾರಿನ ಬ್ಯಾಟರಿಗಳಿಗೆ ಕಾಲು ಬರುತ್ತದೆ. ನಮ್ಮದೂ ಒಮ್ಮೆ, ಹಾಕಿದ್ದ ಬೀಗದ ಸಮೇತ ಹೋಗಿತ್ತು. ಅಂದಿನಿಂದ ಅಪ್ಪ ದಿನಾ ಸಂಜೆ ಬ್ಯಾಟರಿ ಬಿಚ್ಚಿ ಮೂರನೇ ಮಹಡಿಗೆ ತರುತ್ತಿದ್ದರು. ಆಪರೇಷನ್ ಆದ ಮೇಲೆ ಆ ಕೆಲಸವನ್ನು ಕೆಳಮನೆಯವರಿಗೆ ಒಪ್ಪಿಸಿದ್ದೇನೆ ಎಂದು ಅಮ್ಮನಿಗೆ ಹೇಳಿದ್ದರು. ನಿನ್ನೆ ಸಂಜೆ ನಾನು ಮೆಟ್ಟಿಲಿಳಿಯುವಾಗ ಎದುರಿಗೆ ಅವರೇ ಬರುತ್ತಿದ್ದರು. ಬ್ಯಾಟರಿಯನ್ನು ಎದೆಯ ಹೊಲಿಗೆಯ ಮೇಲೇ ಅವುಚಿಕೊಂಡಿದ್ದರು. ಮುಖ ಬೂದಿಯಂತಾಗಿತ್ತು. ಕೈ ಚಾಚಿದೆ. "ಬಿಡು, ನಿನ್ನ ಕೈಲಾಗಲ್ಲ" ಎಂದರು. ಅಷ್ಟು ಹೇಳುವುದಕ್ಕೂ ಅವರಿಗೆ ಉಸಿರು ಸಾಲಲಿಲ್ಲ.

ಬೆಳಿಗ್ಗೆ ಆ ಬ್ಯಾಟರಿ ಸತ್ತೇ ಹೋಗಿತ್ತು. ಯಾರೋ ಪುಣ್ಯಾತ್ಮರು ಕಾರು ತಳ್ಳಿ ಸ್ಟಾರ್ಟ್ ಮಾಡಿಸಿದರು. ನಾನು ಒಂದೇ ಮಾತು ಹೇಳಿದ್ದೆ: "ಹಗುರದ್ದು ಹಾಕಿಸಿ. ಇಲ್ದಿದ್ರೆ ಅಮ್ಮನಿಗೆ ಹೇಳ್ತೀನಿ." ಅಪ್ಪ ಕಾರನ್ನು ಅಂಗಡಿಯ ಕಡೆ ತಿರುಗಿಸಿದರು.

ಅಂಗಡಿಯವನು ಅಪ್ಪನ ಹಳೆಯ ಶಿಷ್ಯ. "ಬನ್ನಿ ಮೇಷ್ಟ್ರೇ! ಏನು, ಅಕ್ಕನ ಮನೇಲಿ ಊಟ ಹಾಕ್ಲಿಲ್ವಾ? ಅರ್ಧ ಆಗ್ಬಿಟ್ಟಿದ್ದೀರಿ."

"ಅಕ್ಕನ ಕೈ ಅಡುಗೆ ತಿಂದಿದ್ರೆ ನಿಂಗೇ ಗೊತ್ತಾಗ್ತಿತ್ತು" ಎಂದು ಅಪ್ಪ ನಕ್ಕರು. ನಾನು ನೆಲ ನೋಡಿದೆ.

ಬೆಂಚಿನ ಮೇಲೆ ಸ್ಕೂಟರ್ ಬ್ಯಾಟರಿಗಾಗಿ ಕಾಯುತ್ತಿದ್ದ ಹೆಂಗಸೊಬ್ಬರು ಸೆರಗು ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು. "ನೀವೇನಾ ಆ ಮೇಷ್ಟ್ರು? ನನ್ನ ಮಗನ್ನ ನಿಮ್ಮ ಹತ್ರಾನೇ ಕಳಿಸೋಣ ಅಂತಿದ್ದೆ."

"ಕಳಿಸಿಯಮ್ಮ, ಕಳಿಸಿ" ಎಂದರು ಅಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡು, "ಹಗುರದ್ದೇನಾದ್ರೂ ಇದೆಯೇನಯ್ಯ?" ಎಂದು ಕೇಳಿದರು.

ಅಂಗಡಿಯವನು ಗಾಜಿನ ಕಪಾಟಿನಿಂದ ಒಂದನ್ನು ತಂದು ಒಂದೇ ಕೈಯಲ್ಲಿ ಆಡಿಸಿ ತೋರಿಸಿದ. "ಲಿಥಿಯಂ. ರೇಸಿನೋರು ಹಾಕ್ಕೊಳ್ಳೋದು ಇದು. ಈ ವಯಸ್ಸಲ್ಲಿ ರೇಸಾ ಮೇಷ್ಟ್ರೇ?"

"ಶಿಷ್ಯರು ಆಮೆ ಥರ ಹೋಗ್ತಾರೆ, ಬ್ಯಾಟರಿನಾದ್ರೂ ಓಡ್ಲಿ ಅಂತ."

ಹೆಂಗಸು ನಕ್ಕರು. ನಾನು ಪಕ್ಕದಲ್ಲಿದ್ದ ಚಿಕ್ಕದೊಂದು ಸಾಧಾರಣ ಬ್ಯಾಟರಿಯತ್ತ ಬೆರಳು ತೋರಿಸಿದೆ.

"ಅದು ಬೇಡ ತಂಗಿ" ಎಂದ ಅಂಗಡಿಯವನು. "ಕಲಿಯೋರು ಹೆಜ್ಜೆಗೊಂದ್ಸಲ ಗಾಡಿ ಆಫ್ ಮಾಡ್ತಾರೆ, ಹೆಜ್ಜೆಗೊಂದ್ಸಲ ಸೆಲ್ಫ್ ಹೊಡೀತಾರೆ. ನಾನೇ ಎಷ್ಟು ಹೊಡೆದಿಲ್ಲ! ಮಧ್ಯಾಹ್ನಕ್ಕೆಲ್ಲ ಮಲಗಿಬಿಡುತ್ತೆ ಅದು. ಲಿಥಿಯಂ ಆದ್ರೆ ತಡ್ಕೊಳ್ಳುತ್ತೆ. ಆದ್ರೆ ಅದಕ್ಕೆ ಚಾರ್ಜ್ ಅಳತೆ ಮೀರಬಾರದು. ಮೊದ್ಲು ನಿಮ್ಮ ಗಾಡಿ ಎಷ್ಟು ಕೊಡ್ತಿದೆ ನೋಡೋಣ."

ಅಂಗಡಿಯದೇ ಒಂದು ಬ್ಯಾಟರಿಯನ್ನು ತಾತ್ಕಾಲಿಕವಾಗಿ ಕೂಡಿಸಿ ಕಾರು ಸ್ಟಾರ್ಟ್ ಮಾಡಿದ. ಮೀಟರಿನ ಕೆಂಪು ಕಪ್ಪು ತಂತಿಗಳನ್ನು ಮುಟ್ಟಿಸಿದ. ಹದಿನಾಲ್ಕೂವರೆ ವೋಲ್ಟ್ ದಾಟಬಾರದು ಎಂದ. ಅಪ್ಪ ಆಕ್ಸಿಲರೇಟರ್ ಒತ್ತಿದರು. ಅಂಕಿ ಹದಿನಾಲ್ಕಕ್ಕೆ ಬಂತು. ಹದಿನಾಲ್ಕೂವರೆ. ಅದು ಅಲ್ಲಿ ನಿಲ್ಲದೆ ಹದಿನೈದನ್ನೂ ದಾಟಿತು.

"ಹಳೇದು ಸತ್ತಿದ್ದು ಇದಕ್ಕೇ ನೋಡಿ. ಚಾರ್ಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಹೋಗಿದೆ. ಈ ಗಾಡಿಗೆ ಲಿಥಿಯಂ ಹಾಕಿದ್ರೆ ನಾಳೆ ನಂಗೇ ಬೈತೀರಿ."

"ಬಿಡಯ್ಯ ಹಾಗಾದ್ರೆ" ಎಂದರು ಅಪ್ಪ. ಬಿಡುಗಡೆ ಸಿಕ್ಕಂತಿತ್ತು ಅವರ ದನಿ. "ಯಾವಾಗಲೂ ಹಾಕೋದನ್ನೇ ಹಾಕು. ಬ್ಯಾಟರಿ ಅಂದ್ರೆ ಭಾರ ಇರ್ಬೇಕು."

"ಹಂಗನ್ನಿ ಮತ್ತೆ! ಕೆಲಸದವನು ಊಟಕ್ಕೆ ಹೋಗಿದ್ದಾನೆ, ಒಂದು ಕೈ ಕೊಡಿ ಮೇಷ್ಟ್ರೇ."

ದೊಡ್ಡ ಬ್ಯಾಟರಿ ಕೆಳಗಿನ ಹಲಗೆಯ ಒಳಮೂಲೆಯಲ್ಲಿತ್ತು. ಒಂದು ಹಿಡಿಯನ್ನು ಅಂಗಡಿಯವನು ಹಿಡಿದ. ಅಪ್ಪ ಅಂಗಿಯ ತೋಳು ಮಡಿಸಿದರು. ಬೆಂಚಿನ ಹೆಂಗಸು ನೋಡುತ್ತಿದ್ದರು. ಅಪ್ಪ ನನ್ನನ್ನು ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. ಬಾಗಿದರು. ಕೈ ಹಿಡಿಯ ಮೇಲೆ ಬಿತ್ತು. ಕುತ್ತಿಗೆಯ ನರ ಉಬ್ಬಿತು.

ನಿಜ ಹೇಳಿದರೆ ಅವರ ಕೆಲಸ ಹೋಗುತ್ತಿತ್ತು. ಸುಮ್ಮನಿದ್ದರೆ ಏನಾಗುತ್ತಿತ್ತೆಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

"ಹೊರೋದು ನಾನು!"

ನನ್ನ ದನಿಗೆ ನಾನೇ ಬೆಚ್ಚಿದೆ. ಮೂವರೂ ತಿರುಗಿದರು. ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗದೆಂದು ಗೊತ್ತಿತ್ತು.

"ದಿನಾ ಸಂಜೆ ಬ್ಯಾಟರಿ ಬಿಚ್ಚಿ ಮೂರನೇ ಮಹಡಿಗೆ ಹೊರೋದು ನಾನು. ಅದು ನನ್ನ ಕೈಲಿ ಆಗಲ್ಲ. ಅಪ್ಪ ಹಗುರದ್ದು ಕೇಳಿದ್ದು ನಂಗೋಸ್ಕರ. ಅದನ್ನ ಅಲ್ಲೇ ಇಡಿ."

"ಅಯ್ಯೋ, ಏನು ಮೇಷ್ಟ್ರೇ ಇದು!" ಹೆಂಗಸು ಕೆನ್ನೆಗೆ ಕೈ ಹಚ್ಚಿದರು. "ಗಟ್ಟಿಮುಟ್ಟಾಗಿ ನೀವಿದ್ದೂ ಈ ಕಡ್ಡಿ ಹುಡುಗಿ ಕೈಲಿ ಹೊರಿಸ್ತೀರಾ?"

"ಜಿಪುಣರು ಅಂತ ಗೊತ್ತಿತ್ತು, ಸೋಮಾರಿ ಅಂತ ಗೊತ್ತಿರ್ಲಿಲ್ಲ" ಎಂದ ಅಂಗಡಿಯವನು.

ಅಪ್ಪನ ಮುಖ ಕೆಂಪಾಯಿತು. ಬಾಗಿದಲ್ಲೇ ಇದ್ದರು, ಕೈ ಹಿಡಿಯ ಮೇಲೇ. ಎತ್ತಿಬಿಡುತ್ತಾರೆ ಅನಿಸಿತು. ಸೋಮಾರಿ ಅನಿಸಿಕೊಂಡವರಲ್ಲ ಅವರು. ನೆಗಡಿಗೂ ಪಾಠ ತಪ್ಪಿಸಿದವರಲ್ಲ. ನಾನು ತಲೆಯಾಡಿಸಿದೆ, ಅವರಿಗಷ್ಟೇ ಕಾಣುವ ಹಾಗೆ.

ಬೆರಳುಗಳು ಒಂದೊಂದಾಗಿ ಸಡಿಲವಾದವು.

"ಹೂಂ" ಎಂದು ನೆಟ್ಟಗಾದರು. "ಅವಳೇ ಹೊರೋದು. ಸೋಮಾರಿ ಅಂತಲೇ ಅಂದ್ಕೊಳ್ಳಿ." ಆಮೇಲೆ ಅಂಗಡಿಯವನಿಗೆ, "ಆ ರೆಗ್ಯುಲೇಟರ್ ಎಲ್ಲಿ ಹಾಕಿಸ್ಬೇಕು? ಎಷ್ಟು ಹೊತ್ತಾದ್ರೂ ಸರಿ, ಕಾಯ್ತೀವಿ" ಎಂದರು.

ಪಕ್ಕದ ಎಲೆಕ್ಟ್ರಿಷಿಯನ್ ಬಂದು ಹೊಸ ರೆಗ್ಯುಲೇಟರ್ ಕೂಡಿಸುವವರೆಗೂ ಅಪ್ಪ ನನಗೆ ಬೆನ್ನು ತಿರುಗಿಸಿ ನಿಂತಿದ್ದರು. ಮತ್ತೆ ಮೀಟರ್ ಹಿಡಿದಾಗ ಇಬ್ಬರೂ ಬಗ್ಗಿ ನೋಡಿದೆವು. ಅಂಕಿ ಏರಿತು, ಹದಿನಾಲ್ಕು ದಾಟಿ ತುಸು ಅಲುಗಿತು, ನಿಂತಿತು. ಅಪ್ಪ ಇನ್ನಷ್ಟು ಒತ್ತಿದರು. ಅಲ್ಲೇ ನಿಂತಿತ್ತು.

ಸಂಜೆ ಬಾನೆಟ್ ಎತ್ತಿ ಅಪ್ಪ ಸ್ಪ್ಯಾನರ್ ನನ್ನ ಕೈಗೆ ಕೊಟ್ಟರು. ಇನ್ನೂ ಸಿಟ್ಟಿತ್ತು. "ಮೈನಸ್ ತಂತಿ ಮೊದ್ಲು" ಎಂದರು, ಅಷ್ಟೇ. ಹೊಸ ಲಿಥಿಯಂ ಬ್ಯಾಟರಿ ಬಿಚ್ಚಿ ಎತ್ತಿಕೊಂಡೆ, ಒಂದು ದೊಡ್ಡ ಕುಂಬಳಕಾಯಿಯಷ್ಟೂ ಭಾರವಿರಲಿಲ್ಲ. ನಾನು ಮುಂದೆ, ಅವರು ಬರಿಗೈಯಲ್ಲಿ ಹಿಂದೆ. ಎರಡನೇ ಮಹಡಿಯ ತಿರುವಿನಲ್ಲಿ ಹಿಂದಿನ ಹೆಜ್ಜೆಸದ್ದು ನಿಂತಿತು.

ತಿರುಗಿ ನೋಡಿದರೆ ಅಪ್ಪ ಕಂಬಿ ಹಿಡಿದು ನಿಂತಿದ್ದರು. ನಾನು ಇಳಿದು ಬರುವಷ್ಟರಲ್ಲಿ ಮೆಲ್ಲನೆ ಮೆಟ್ಟಿಲ ಮೇಲೆ ಕೂತರು.

ಮೇಲೆ ಬಾಗಿಲು ತೆರೆಯಿತು. "ಯಾಕೆ, ಏನಾಯ್ತು? ಯಾಕೆ ನಿಂತ್ರಿ?" ಅಮ್ಮನ ದನಿ ಇಡೀ ಕಟ್ಟಡಕ್ಕೆ ಕೇಳಿಸುವಂತಿತ್ತು. ಕೆಳಮನೆಯ ಬಾಗಿಲೂ ಕಿರುಗುಟ್ಟಿತು. ಅಲ್ಲಿ ಅಪ್ಪನ ಹೊಸ ಶಿಷ್ಯನೊಬ್ಬನಿದ್ದ.

ಅಪ್ಪ ಆ ಬಾಗಿಲ ಕಡೆ ನೋಡಿದರು. ಆಮೇಲೆ ಮೇಲಕ್ಕೆ ಮುಖವೆತ್ತಿ, ಅಷ್ಟೇ ಗಟ್ಟಿಯಾಗಿ ಹೇಳಿದರು:

"ಸುಸ್ತಾಯ್ತು ಕಣೇ. ಕೂತಿದ್ದೀನಿ. ನೀರು ತಗೊಂಡ್ ಬಾ."