ಹಗೇವಿನ ಹನ್ನೊಂದು ಬಾಟಲಿ

ಕರೀಂ ಸಾಬ್ ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಆದರೂ ಹರಿಹರದ ಬಂಗಲೆಯಲ್ಲಿ ಇಪ್ಪತ್ತೆರಡು ವರ್ಷ ಇಂಜಿನಿಯರ್ ದೊರೆಗೆ ಬಟ್ಲರ್ ಆಗಿದ್ದ ಈ ಮನುಷ್ಯ ಕೆಂಪು ವೈನಿನ ವಯಸ್ಸನ್ನು ಮೂಗಿನಲ್ಲೇ ಹೇಳುತ್ತಿದ್ದ. ಗ್ಲಾಸನ್ನು ಕಂದೀಲಿನ ಮುಂದೆ ಓರೆ ಹಿಡಿದು ಅಂಚಿನ ಬಣ್ಣ ನೋಡುವುದು, ಆಮೇಲೆ ಮೂಸುವುದು, ಅಷ್ಟೇ. ಎಳೆಯದಾದರೆ ನೇರಳೆ ಹಣ್ಣಿನ ಬಣ್ಣ, ಅದರದೇ ವಾಸನೆ. ಮಾಗಿದ್ದಾದರೆ ಅಂಚು ಹೆಂಚಿನ ಬಣ್ಣಕ್ಕೆ ತಿರುಗಿ, ಹಣ್ಣಿನ ವಾಸನೆ ಹೋಗಿ ಹೊಗೆಸೊಪ್ಪಿನದು ಬಂದಿರುತ್ತದೆ. ಕುಡಿದು ಕುಡಿದು ನಾಲಗೆ ಕೆಡಿಸಿಕೊಂಡ ದೊರೆಗೆ ಕುಡಿಯದವನ ಮೂಗೇ ಗತಿಯಾಗಿತ್ತು.

ನಲವತ್ತಾರನೆಯ ಇಸವಿಯಲ್ಲಿ ದೊರೆ ತನ್ನ ದೇಶಕ್ಕೆ ಹೊರಟಾಗ ಹನ್ನೆರಡು ಬಾಟಲಿ ಇವನ ಕೈಗಿಟ್ಟ. ಹದಿಮೂರು ವರ್ಷ ಮಲಗಿಸಿಡು, ಆಮೇಲೆ ಒಂದನ್ನು ತೆಗೆದು ಮೂಸಿ, ಹೇಗೆ ಮಾಗಿದೆ ಅಂತ ನನಗೊಂದು ಕಾಗದ ಬರಿ ಎಂದ. ಕರೀಂ ಸಾಬ್ ಅವನ್ನು ತನ್ನ ಹಿತ್ತಿಲ ಹಗೇವಿನಲ್ಲಿಟ್ಟ. ಜೋಳ ತುಂಬಿಡುವ ನೆಲದೊಳಗಿನ ಗುಂಡಿ ಅದು. ಬೇಸಿಗೆಯಲ್ಲೂ ತಣ್ಣಗೆ, ಹಗಲಲ್ಲೂ ಕತ್ತಲೆ. ಪಾನನಿರೋಧ ಬಂದಾಗ ಪೊಲೀಸರ ಭಯವಿದ್ದರೂ ಬಾಟಲಿಗಳನ್ನು ಕದಲಿಸಲಿಲ್ಲ. ಆ ಕಾಗದ ಬರೆಯುವುದೊಂದೇ ಅವನ ಮುದಿ ವಯಸ್ಸಿಗೆ ಉಳಿದಿದ್ದ ಕೆಲಸ.

ಐವತ್ತೊಂಬತ್ತರ ಬೇಸಿಗೆಯಲ್ಲಿ, ಹಬ್ಬಕ್ಕೆ ಜೋಳ ತೆಗೆದಾಗ ಒಂದು ಬಾಟಲಿ ಮೇಲೆ ತಂದು, ಹಗೇವಿನ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ. ಇಷ್ಟು ವಯಸ್ಸಾದ ವೈನು ತಳದಲ್ಲಿ ಗಸಿ ಬಿಟ್ಟಿರುತ್ತದೆ. ಅದು ಕೂರಲಿ ಎಂದು ಬಾಟಲಿಯನ್ನು ಗೂಡಿನಲ್ಲಿ ನಿಲ್ಲಿಸಿಟ್ಟ. ಅವನ ಗ್ರಹಚಾರ, ಮೂಸುವ ಮೊದಲೇ ಗೋಣೆಪ್ಪ ಬಂದ.

ಗೋಣೆಪ್ಪ ದಾವಣಗೆರೆಗೆ ಕಳ್ಳಭಟ್ಟಿ ಸಾಗಿಸುತ್ತಿದ್ದ ಗೂಳಿ. ಮಂಡಿಪೇಟೆಯ ಸಾಹುಕಾರ ಪರಮೇಶ್ವರಪ್ಪನ ಮನೆಗೆ ಮುಂಬೈ ನೆಂಟರು ಬಂದಿದ್ದರು, ಅವರಿಗೆ ವಿಲಾಯ್ತಿ ಮಾಲೇ ಬೇಕಾಗಿತ್ತು. ಬಟ್ಲರ್ ಮನೆಯಲ್ಲಿ ಬಾಟಲಿ ಇಲ್ಲದೆ ಇರುತ್ತದೆಯೇ ಎಂದು ನುಗ್ಗಿದವನು ಗೂಡಿನಲ್ಲಿದ್ದುದನ್ನು ಕಂಡೇಬಿಟ್ಟ. ಕೊಡದಿದ್ದರೆ ಪೊಲೀಸರಿಗೆ ಹೇಳುತ್ತೇನೆಂದ. ಕರೀಂ ಸಾಬ್ ಕಂದೀಲು ಹಿಡಿದು ತಳ ತೋರಿಸಿದ.

"ಇದು ಗಸಿ, ಗೋಣೆಪ್ಪಣ್ಣ. ಅಲುಗಾಡಿಸಬ್ಯಾಡ್ರಿ. ಎರಡು ದಿನ ನಿಲ್ಲಿಸಿ, ದೀಪದ ಮುಂದೆ ಹಿಡಿದು ನಿಧಾನಕ್ಕೆ ಬಗ್ಗಿಸ್ರಿ."

ಗೋಣೆಪ್ಪ ಅದನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದು, ಕಲ್ಲು ಗುಂಡಿಗಳ ಒಂಬತ್ತು ಮೈಲಿ ತುಳಿದ.

ಮಾರನೆಯ ಮಧ್ಯಾಹ್ನವೇ ಖಾಲಿ ಬಾಟಲಿ ಹಿಡಿದು ಹಿಂತಿರುಗಿದ. ಕೆನ್ನೆಯ ಮೇಲೆ ಚಪ್ಪಲಿಯ ಅಚ್ಚು ಮೂಡಿತ್ತು. ಬಾಟಲಿಯಿಂದ ರಾಡಿ ಸುರಿದದ್ದು ಕಂಡು ಸಾಹುಕಾರ ಮುಂಬೈಯವರ ಎದುರಿಗೇ ಹೊಡೆದಿದ್ದ.

"ಮಣ್ಣು ಕಲಸಿ ಕೊಟ್ಟಿಯೇನಲೇ ಸಾಬಾ?"

"ಅದು ಮಣ್ಣಲ್ರೀ. ವಯಸ್ಸು."

ಗೋಣೆಪ್ಪ ಅದೇ ಖಾಲಿ ಬಾಟಲಿಯಿಂದ ಅವನ ಮುಖಕ್ಕೆ ಬೀಸಿದ. ಮೂಗಿನ ಎಲುಬು ಲಟಕ್ಕೆಂದದ್ದು ಅಡುಗೆಮನೆಯಲ್ಲಿದ್ದ ಹೆಂಡತಿ ಖತೀಜಾಬೀಗೂ ಕೇಳಿಸಿತು. ಕರೀಂ ಸಾಬ್ ಕುಸಿದ. ಗೋಣೆಪ್ಪ ಹೊಟ್ಟೆಗೆ ಒದ್ದ, ಬೆನ್ನಿಗೆ ಒದ್ದ, ಇನ್ನೆಷ್ಟು ಬಾಟಲಿ ಇವೆ, ಎಲ್ಲಿವೆ ಎಂದು ಕೇಳುತ್ತ ಒದ್ದ. ಮುದುಕ ಬಾಯಿ ಬಿಡಲಿಲ್ಲ. ಆಗ ಆ ಪಾಪಿ ಓಡಿಬಂದ ಖತೀಜಾಬೀಯ ಕೂದಲಿಗೆ ಕೈ ಹಾಕಿ, ಸೊಂಟದ ಚೂರಿ ತೆಗೆದು ಕುತ್ತಿಗೆಗೆ ಒತ್ತಿದ. ಒಂದು ಎಳೆ ರಕ್ತ ಇಳಿಯಿತು. ಕರೀಂ ಸಾಬ್ ಹಗೇವಿನತ್ತ ಬೆರಳು ತೋರಿಸಿದ.

ಗೋಣೆಪ್ಪ ಅವಳನ್ನು ಒಳಗೆ ತಳ್ಳಿ ಹೊರಗಿನಿಂದ ಚಿಲಕ ಜಡಿದ. ಇವನನ್ನು ಬಾವಿಯ ಹಗ್ಗದಿಂದ ಬೇವಿನ ಮರಕ್ಕೆ ಕಟ್ಟಿದ. ಹಾರೆ ಹಾಕಿ ಚಪ್ಪಡಿ ಎಬ್ಬಿಸಿದ.

ಮುಚ್ಚಿದ ಜೋಳದ ಹಗೇವಿನಲ್ಲಿ ಗಾಳಿ ಕೆಟ್ಟು ಕೂತಿರುತ್ತದೆ. ಮೊದಲು ಕಂದೀಲು ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಭಟ್ಟಿ ಕಾಯಿಸುವುದರಲ್ಲೇ ಬೆಳೆದ ಗೋಣೆಪ್ಪನಿಗೆ ಇದು ಗೊತ್ತಿರಲಿಲ್ಲ.

"ಕಂದೀಲು ಇಳಿಬಿಟ್ಟು ನೋಡ್ರಿ ಮೊದಲು," ಎಂದ ಕರೀಂ ಸಾಬ್, ಬಾಯಿತುಂಬ ರಕ್ತ.

"ನಿನ್ನೆನೂ ಕಂದೀಲು ಹಿಡಿದೇ ಆಟ ಕಟ್ಟಿದ್ದಿ." ಗೋಣೆಪ್ಪ ಜಗಲಿಯ ಕಂದೀಲನ್ನು ಒದ್ದು ಒಡೆದ. ಬಂದು ಆ ಮುರಿದ ಮೂಗಿನ ಮೇಲೇ ಮುಷ್ಟಿಯಿಂದ ಗುದ್ದಿದ. ಕರೀಂ ಸಾಬನಿಗೆ ಕಣ್ಣು ಕತ್ತಲಿಟ್ಟಿತು. ಕಣ್ಣು ಬಿಟ್ಟಾಗ ಗೋಣೆಪ್ಪ ಹಗೇವಿನ ಗೋಡೆಯಲ್ಲಿ ಕೊರೆದ ಮೆಟ್ಟುಗೂಡಿಗೆ ಕಾಲಿಡುತ್ತಿದ್ದ. ಸೊಂಟ ಇಳಿಯಿತು. ಎದೆ ಇಳಿಯಿತು. ಬಾಯಿ ಕಟ್ಟಿರಲಿಲ್ಲ, ಇನ್ನೊಂದು ಸಲ ಹೇಳಬಹುದಾಗಿತ್ತು. ಹೇಳಲಿಲ್ಲ. ತಲೆಯೂ ಮರೆಯಾಯಿತು.

"ಸಾಬಾ," ಎಂದು ಕೆಳಗಿನಿಂದ ಒಮ್ಮೆ ಕೇಳಿಸಿತು, ದಪ್ಪನೆ ಏನೋ ಬಿದ್ದದ್ದೂ ಕೇಳಿಸಿತು. ಉಗುರಿನಿಂದ ಗೋಡೆ ಕೆರೆಯುವ ಸದ್ದು ಸ್ವಲ್ಪ ಹೊತ್ತು ಬಂತು. ಕರೀಂ ಸಾಬನಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಸದ್ದು ಪೂರ್ತಿ ನಿಂತ ಮೇಲೆ ಅವನು ಜನರನ್ನು ಕೂಗಿದ.

ಪಕ್ಕದ ಮನೆಯ ಹನುಮಂತಪ್ಪ ಬೇಲಿ ಹಾರಿ ಬಂದು ಹಗ್ಗ ಬಿಚ್ಚಿದ. ಗುಂಡಿಯಲ್ಲಿ ಮನುಷ್ಯ ಬಿದ್ದಿದ್ದಾನೆಂದು ತಿಳಿದು ಇಳಿಯಲು ಹೊರಟ.

"ಇಳೀಬ್ಯಾಡ್ರಿ, ಹನುಮಂತಪ್ಪ. ಗಾಳಿ ಕೆಟ್ಟೈತೆ. ಇಳೀಬ್ಯಾಡ್ರಿ ಅಂದೆ. ಇಳೀಬ್ಯಾಡ್ರಿ. ದೀಪ ತರ್ರಿ, ಇಳೀಬ್ಯಾಡ್ರಿ."

ಬೇರೆ ಕಂದೀಲು ತಂದು ಇಳಿಬಿಟ್ಟರು. ಒಂದಾಳು ಆಳ ಹೋಗುವಷ್ಟರಲ್ಲಿ ಆರಿತು. ಗೋಣೆಪ್ಪನ ಹೆಣವನ್ನು ಕೊಕ್ಕೆ ಹಾಕಿ ಎಳೆದದ್ದು ಮರುದಿನ ಬೆಳಗ್ಗೆ, ಗಾಳಿ ಆಡಿದ ಮೇಲೆ.

ಹೆಣದ ಜೊತೆ ಹನ್ನೊಂದು ಬಾಟಲಿಯೂ ಮೇಲೆ ಬಂದವು. ಪೊಲೀಸ್ ಜಮಾದಾರ ಸಾಕ್ಷಿಗೆಂದು ಒಂದನ್ನು ಇಟ್ಟುಕೊಂಡು, ಹತ್ತನ್ನು ಒಗೆಯುವ ಕಲ್ಲಿಗೆ ಅಪ್ಪಳಿಸಿ ಒಡೆಸಿದ. "ಹೆಂಗೂ ಕೆಟ್ಟು ಹೋಗೈತೆ. ನೋಡು, ಬಣ್ಣ ಬಿಟ್ಟೈತೆ," ಎಂದ.

ಒಂದು ತಳದ ಚೂರಿನಲ್ಲಿ ಎರಡು ಗುಟುಕಿನಷ್ಟು ಉಳಿದಿತ್ತು. ಕರೀಂ ಸಾಬ್ ಬಾಟಲಿ ಬಚ್ಚಿಟ್ಟ ತಪ್ಪಿಗೆ ಬೇಡಿ ಹಾಕಿದ ಕೈಗಳಲ್ಲಿ ಅದನ್ನೆತ್ತಿ ಬಿಸಿಲಿಗೆ ಹಿಡಿದ. ಅಂಚು ಹೆಂಚಿನ ಬಣ್ಣ. ಮೂಗಿಗೆ ಹಿಡಿದ. ಏನೂ ಇಲ್ಲ. ಮತ್ತೆ ಹಿಡಿದ. ಹದಿಮೂರು ವರ್ಷ ಕಾದ ಮೂಗಿನಲ್ಲಿ ಹೆಪ್ಪುಗಟ್ಟಿದ ರಕ್ತ ಬಿಟ್ಟು ಮತ್ತೇನೂ ಇರಲಿಲ್ಲ. ಮುದುಕ ಎಲ್ಲರೆದುರು ಅತ್ತ.

"ನೀನು ಮೂಸು," ಎಂದು ಚೂರನ್ನು ಹೆಂಡತಿಯತ್ತ ಚಾಚಿದ. ಇಪ್ಪತ್ತೆರಡು ವರ್ಷ ಅವನು ಬಂಗಲೆಯಿಂದ ಬಂದರೆ ಅಂಗಿ ಹೊರಗೆ ಬಿಚ್ಚಿಸಿ ಒಳಗೆ ಬಿಟ್ಟವಳು ಅವಳು. ಚೂರನ್ನು ಈಸಿಕೊಂಡು ಬಗ್ಗಿ ಮೂಸಿದಳು.

"ಆವಾಗಿನ ನಿಮ್ಮ ಅಂಗಿ ವಾಸನೆ."

"ಹಣ್ಣಿಂದಾ?"

"ಅಲ್ಲ. ಹೊಗೆಸೊಪ್ಪಿಂದು."

"ಹಂಗಾರೆ ದೊರೆಗೆ ಬರೆಸು. ಮಾಗಿತ್ತು ಅಂತ."

ಖತೀಜಾಬೀ ಅವನ ಮುಖವನ್ನೇ ನೋಡುತ್ತಿದ್ದಳು. ಜಮಾದಾರನಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಹನುಮಂತಪ್ಪಗೆ ನಾಕು ಸಲ ಕೂಗಿ ಹೇಳಿದ್ದು ಒಳಗೆ ಕೇಳ್ತು. ಆ ಗೋಣೆಪ್ಪಗೆ ಎಷ್ಟು ಸಲ ಹೇಳಿದ್ರಿ?"

"ಒಂದ್ಸಲ," ಎಂದ ಕರೀಂ ಸಾಬ್.

ಅವಳು ಚೂರನ್ನು ನೆಲಕ್ಕೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.