ಉಣ್ಣೆ ಕಟ್ಟಿದ ಫ್ರಿಜ್ಜು

ಮಕ್ತಲದಿಂದ ಹಿಡಿದು ಕೃಷ್ಣೆಯ ಜೂರಾಲ ಅಣೆಕಟ್ಟೆಯ ತನಕ ಯಾವ ಮನೆಯ ಫ್ರಿಜ್ಜು ಕೆಟ್ಟರೂ ಭೀಮಶಂಕರನ ಹೆಸರು ಕರೆದೇ ಕೆಡುತ್ತಿತ್ತು. ಅವನು ಹಿಂಬದಿಗೆ ಕಿವಿಯಿಟ್ಟರೆ ಸಾಕು, ಕಂಪ್ರೆಸರ್ ತನ್ನ ರೋಗವನ್ನು ತಾನೇ ಒಪ್ಪಿಕೊಳ್ಳುತ್ತಿತ್ತು. ಧನ್ವಾಡದ ಐಸ್‌ಕ್ಯಾಂಡಿಯವನ ಪೆಟ್ಟಿಗೆಯನ್ನು ಅವನು ಒಮ್ಮೆ ರಿಪೇರಿ ಮಾಡಿದ್ದ. ಅದರೊಳಗಿನ ಕ್ಯಾಂಡಿಯನ್ನು ನೆಕ್ಕಿದವರ ನಾಲಿಗೆ ಅಂಟಿಕೊಂಡು, ಬಿಡಿಸಲು ಊರಿನ ಅರ್ಧ ಜನ ಬೇಕಾದರಂತೆ. ನಾರಾಯಣಪೇಟೆಯ ಸೀರೆ ಅಂಗಡಿಯವರು ತಮ್ಮ ಎಸಿಗೆ ಅವನಲ್ಲದೆ ಬೇರೆಯವರ ಕೈ ತಾಗಿಸುತ್ತಿರಲಿಲ್ಲ.

ಇಂಥ ಗಂಡುಗಲಿಯ ಹೆಸರಿಗೆ ಒಂದೇ ಒಂದು ಕಲೆ ಇತ್ತು. ಅದು ಅಂಟಿದ್ದು ಹೋದ ವರ್ಷ, ಮಲ್ದಕಲ್‌ನಲ್ಲಿ, ಮಾವನ ಎದುರಿಗೆ.

ಅವನ ಹೆಂಡತಿ ಭಾಗ್ಯಳ ತವರು ಮಲ್ದಕಲ್. ಮಾವ ಆಶಪ್ಪನ ಕುರಿಮಂದೆ ಎಷ್ಟು ದೊಡ್ಡದೆಂದರೆ, ಮುಂದಿನ ಕುರಿ ಹೊಳೆಯಲ್ಲಿ ನೀರು ಕುಡಿಯುವಾಗ ಹಿಂದಿನ ಕುರಿ ಇನ್ನೂ ಹಟ್ಟಿಯಲ್ಲೇ ಆಕಳಿಸುತ್ತಿರುತ್ತಿತ್ತು. ಮಳೆ ಬೀಳುವ ಮುಂಚೆ ಆ ಕುರಿಗಳ ಉಣ್ಣೆ ಕತ್ತರಿಸುವ ದಿನ ಬಳಗವೆಲ್ಲ ಸೇರುತ್ತದೆ. ಅಂದು ಕತ್ತರಿ ಹಿಡಿದವರಿಗೆ ಕುಡಿಯಲು ತಂದುಕೊಡುವುದು ಹಿರಿಯ ಅಳಿಯನ ಮರ್ಯಾದೆ. ಅದಕ್ಕೆ ಪ್ರತಿಯಾಗಿ ಮೊದಲ ಕುರಿಯ ಉಣ್ಣೆಯನ್ನು ಮಾವ ಅವನ ಹೆಗಲಿಗೆ ಹೊದಿಸುತ್ತಾನೆ. ಆ ಕರಿ ಉಣ್ಣೆ ಹೆಗಲ ಮೇಲೆ ಬಿದ್ದವನನ್ನು ಕುರಿಗಾರರ ದೇವರು ಬೀರಪ್ಪನೇ ಬೆನ್ನು ತಟ್ಟಿದ ಹಾಗೆ.

ಹೋದ ವರ್ಷ ಭೀಮಶಂಕರ ಅಂಗಡಿಯ ಬಣ್ಣದ ನೀರು ಒಯ್ಯುವುದು ತನ್ನ ಘನತೆಗೆ ಕಡಿಮೆಯೆಂದು ಶುಂಠಿ, ಬೆಲ್ಲ, ನಿಂಬೆ, ಚಿಟಿಕೆ ಯೀಸ್ಟ್ ಸೇರಿಸಿ ಮನೆಯಲ್ಲೇ ಶುಂಠಿ ಸೋಡಾ ಹುದುಗಿಸಿದ್ದ. ಆದರೆ ಮೇ ತಿಂಗಳ ಮಕ್ತಲದಲ್ಲಿ ನೆರಳೂ ನೆರಳು ಹುಡುಕಿಕೊಂಡು ಓಡುತ್ತದೆ. ಆ ಕಾವಿಗೆ ಯೀಸ್ಟು ಹುಚ್ಚೆದ್ದು, ಬಾಟಲಿಯೊಳಗೆ ಗ್ಯಾಸು ತುಂಬಿ ತುಂಬಿ, ಸರಿಯಾಗಿ ಆಶಪ್ಪ ಕೈ ಚಾಚುವ ಹೊತ್ತಿಗೆ ಒಂದರ ಹಿಂದೊಂದು ಸಿಡಿದವು. ಆ ಸದ್ದಿಗೆ ಕೃಷ್ಣೆಯ ದಡದ ಕೊಕ್ಕರೆಗಳು ತುಂಗಭದ್ರೆಗೆ ಗುಳೆ ಎದ್ದವು. ಒಂದು ಮಗ್ಗುಲು ಮಾತ್ರ ಕತ್ತರಿಸಿದ್ದ ಕುರಿಗಳು ಹಗ್ಗ ಹರಿದುಕೊಂಡು ಗದ್ವಾಲದ ಬೀದಿಗಳಲ್ಲಿ ತಿರುಗಿದವು. ಅವನ್ನು ಎಡದಿಂದ ಕಂಡವರು ಕುರಿ ಎಂದರು, ಬಲದಿಂದ ಕಂಡವರು ನಾಯಿ ಎಂದರು.

ಆಶಪ್ಪ ಮೀಸೆಗೆ ಸಿಡಿದ ಶುಂಠಿಯ ಚೂರನ್ನು ನಿಧಾನವಾಗಿ ಒರೆಸಿಕೊಂಡು ಹೇಳಿದ್ದ: "ಅಳಿಯಂದ್ರ, ಬರೋ ವರ್ಷ ನೀವು ಬರ್ರಿ, ಉಣ್ರಿ, ಹೋಗ್ರಿ. ಕುಡಿಯಾಕ ತರೂದು ಸಾಯಿಪ್ರಸಾದ ನೋಡ್ಕೋತಾನ."

ಸಾಯಿಪ್ರಸಾದ ಎಂದರೆ ಕಿರಿಯ ಅಳಿಯ, ಗದ್ವಾಲದಲ್ಲಿ ಕೂಲ್‌ಡ್ರಿಂಕ್ಸ್ ಅಂಗಡಿ ಇಟ್ಟವನು.

ಈ ವರ್ಷ ಭಾಗ್ಯ ಅಪ್ಪನ ಜೊತೆ ಫೋನಿನಲ್ಲಿ ಜಗಳ ತೆಗೆದು, ಅತ್ತು, ಫೋನಿಟ್ಟು, ಮತ್ತೆ ತಾನೇ ಮಾಡಿ, ಕಡೆಗೆ ಒಂದು ಅವಕಾಶ ಗಿಟ್ಟಿಸಿದಳು.

"ಮೊದಲ ಬಾಟ್ಲಿ ನಮ್ಮಪ್ಪನ ಮುಂದ ತೆಗೀಬೇಕಂತ್ರೀ," ಎಂದಳು. "ಸಿಡಿದ್ರ, ಇಲ್ಲಾ ರುಚಿ ಕೆಟ್ರ, ಆ ಮರ್ಯಾದಿ ಕಾಯಮ್ಮಾಗಿ ನನ್ನ ತಂಗಿ ಗಂಡಗ. ಆಮ್ಯಾಲ ನಾ ತವರಿಗೆ ಹೋದಾಗೆಲ್ಲ ಅಕಿ ಮುಂದ ತಲಿ ತಗ್ಗಿಸಿ ರೊಟ್ಟಿ ತಿನ್ನಬೇಕು. ನೋಡ್ರಿ, ನಾ ತಲಿ ತಗ್ಗಿಸಿದ್ರ ನಿಮಗ ತಲಿ ಎತ್ತಾಕ ಬಿಡಂಗಿಲ್ಲ."

"ಬೇಫಿಕರ್ ಇರು," ಎಂದ ಭೀಮಶಂಕರ. "ಹೋದ ವರ್ಷ ಹವಾ ನನ್ನ ಮಾತು ಕೇಳಲಿಲ್ಲ. ಈ ವರ್ಷ ಹವಾನ ಪೆಟ್ಟಿಗಿಯಾಗ ಹಾಕಿ ಬೀಗ ಹಾಕ್ತೀನಿ."

ಬೀಗ ಹಾಕುವ ಪೆಟ್ಟಿಗೆ ಎಂದರೆ ಒಂದು ಹಳೆಯ ಒಂಟಿ ಬಾಗಿಲಿನ ಫ್ರಿಜ್ಜು. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಅದನ್ನು ನಡುಮನೆಗೆ ತಂದು, ಒಳಗಿನ ತಟ್ಟೆಗಳನ್ನೆಲ್ಲ ಕಿತ್ತೆಸೆದು, ದೊಡ್ಡ ಸ್ಟೀಲಿನ ಕೊಡ ಕೂರುವಷ್ಟು ಜಾಗ ಮಾಡಿದ. ಮನೆಯ ಫ್ರಿಜ್ಜು ಹಾಲು ಕೆಡದಂತೆ ಕಾಯುವ ಕೂಲಿಯಾಳು, ಅದಕ್ಕೆ ತಣ್ಣಗೆ ಮಾಡುವುದೊಂದೇ ಗೊತ್ತು. ಶುಂಠಿ ಸೋಡಾದ ಯೀಸ್ಟಿಗೆ ಬೇಕಾದದ್ದು ಇಪ್ಪತ್ತೆರಡು ಡಿಗ್ರಿ. ಹೆಚ್ಚಾದರೆ ಅದು ಕುಣಿಯುತ್ತದೆ, ಕಡಿಮೆಯಾದರೆ ಮಲಗುತ್ತದೆ. ಹಾಗಾಗಿ ಹೈದರಾಬಾದಿನಿಂದ ಕಾವು ನೋಡಿ ಕರೆಂಟು ಹಚ್ಚಿ ಆರಿಸುವ, ಅಂಗೈಯಷ್ಟು ಅಗಲದ ಒಂದು ಕಂಟ್ರೋಲರ್ ತರಿಸಿದ. ಅದಕ್ಕೆ ಎರಡು ಸಾಕೆಟ್. ಒಂದಕ್ಕೆ ಫ್ರಿಜ್ಜಿನ ಪ್ಲಗ್ಗು. ಇನ್ನೊಂದಕ್ಕೆ ಬಿಸ್ಕೀಟಿನ ಡಬ್ಬಿಯೊಳಗೆ ಕೂರಿಸಿದ ಒಂದು ಹಳೇ ಬಲ್ಬು, ತಣುವು ಹೆಚ್ಚಾದರೆ ಕಾವು ಕೊಡಲು. ಬೆಳಕು ಸೋಡಾಕ್ಕೆ ಬೀಳಬಾರದೆಂದು ಡಬ್ಬಿಯ ಮುಚ್ಚಳ ಬಿಗಿದು ಫ್ರಿಜ್ಜಿನೊಳಗಿಟ್ಟ. ಕಂಪ್ರೆಸರ್ ಒಮ್ಮೆ ನಿಂತರೆ ದಣಿವಾರಿಸಿಕೊಂಡೇ ಮತ್ತೆ ಏಳಲಿ ಎಂದು ನಡುವೆ ಬಿಡುವಿನ ಸಮಯವನ್ನೂ ಒತ್ತಿ ಇಟ್ಟ. ಕಡೆಗೆ ಫ್ರಿಜ್ಜಿನ ಮಗ್ಗುಲಿಗೆ ತೂತು ಕೊರೆದು, ಬೆಂಕಿಕಡ್ಡಿಯಷ್ಟುದ್ದದ ಉಕ್ಕಿನ ತುದಿಯಿದ್ದ, ಕಾವು ಅಳೆಯುವ ಸೆನ್ಸರ್ ವೈರನ್ನು ಒಳಗೆ ಇಳಿಬಿಟ್ಟ. ಚಂದ್ರನ ಮೇಲೆ ಮಿಷನ್ನು ಇಳಿಸಿದವರು ಇವನ ವೈರಿಂಗ್ ಕಂಡಿದ್ದರೆ ನಾಚಿ ಕೆಲಸ ಬಿಡುತ್ತಿದ್ದರು.

ಇದನ್ನೆಲ್ಲ ಅವನ ತಾಯಿ ಪೆಂಟಮ್ಮ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದಳು. ಆ ಮನೆಗೆ ಏನೇ ಹೊಸದು ಬಂದರೂ, ತೊಟ್ಟಿಲಾಗಲಿ ಮೋಟರ್ ಸೈಕಲ್ಲಾಗಲಿ, ಪೆಂಟಮ್ಮ ಅದಕ್ಕೆ ಮೈಲಾರ ದೇವರ ಭಂಡಾರದ ಅರಿಶಿನ ಹಚ್ಚಿ, ಒಂದು ಹಿಡಿ ಕರಿ ಉಣ್ಣೆ ಕಟ್ಟದೆ ಬಿಟ್ಟವಳಲ್ಲ. ಹೋದ ವರ್ಷ ಬಾಟಲಿಗೆ ಉಣ್ಣೆ ಕಟ್ಟಲು ಹೋದಾಗ ಮಗ ಬೇಡವೆಂದಿದ್ದ, ಬಾಟಲಿ ಸಿಡಿದಿತ್ತು. ಅಲ್ಲಿಗೆ ಅವಳ ಲೆಕ್ಕ ಸರಿಹೋಗಿತ್ತು.

"ಈ ಸಲ ಕಟ್ಟಲೇನೋ ಭೀಮ್ಯಾ?"

"ಕಟ್ಟವ್ವ, ಗಟ್ಟಿಯಾಗಿ ಕಟ್ಟು."

"ಎಲ್ಲಿ ಕಟ್ಟಲಿ? ಇದರ ಜೀವ ಎಲ್ಲೈತಿ?"

ಅಲ್ಲಿ ಸುಮ್ಮನೆ ಬಾಗಿಲು ತೋರಿಸಿದ್ದರೆ ಆಗುತ್ತಿತ್ತು. ಆದರೆ ಭೀಮಶಂಕರ ಸುಮ್ಮನಿರುವ ವಿದ್ಯೆಯನ್ನು ಕಲಿತವನಲ್ಲ. ಸೆನ್ಸರಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇಡೀ ಮಷೀನಿನ ಜೀವ ಇದರಾಗ ಐತವ್ವ," ಎಂದ. "ಕಂಪ್ರೆಸರ್, ಬಲ್ಬು ಎಲ್ಲಾ ಇದರ ಜೀತದಾಳು. ಇದಕ್ಕೊಂದು ಯಾರದೂ ಕಣ್ಣು ತಾಗದಿದ್ರ ಸಾಕು." ಹೇಳಿ, ಕೊಡವನ್ನು ಒಳಗಿಟ್ಟು, ಇಪ್ಪತ್ತೆರಡು ಒತ್ತಿ, ಭಾಗ್ಯಳಿಗೆ ಬಾಗಿಲು ತೆಗೆಯಬೇಡವೆಂದು ಆಣೆ ಹಾಕಿಸಿ, ಒಂದು ಎಸಿ ನೋಡಲು ನಾರಾಯಣಪೇಟೆ ಕಡೆಯ ಮದ್ದೂರಿಗೆ ಹೋದ.

ಮಾರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಫ್ರಿಜ್ಜು ಮದುಮಗಳಾಗಿತ್ತು. ಮೈತುಂಬ ಭಂಡಾರ, ಹಿಡಿಕೆಯ ತುಂಬ ಚೆಂಡುಹೂವು, ನಿಂಬೆಹಣ್ಣು, ಮೆಣಸಿನಕಾಯಿ, ಉಣ್ಣೆ. ಆದರೆ ಕಂಟ್ರೋಲರಿನ ಮೇಲೆ ಕೆಂಪಗೆ ಉರಿಯುತ್ತಿದ್ದ ಅಂಕಿ ಮೂವತ್ತೊಂಬತ್ತು. ಕಂಪ್ರೆಸರ್ ಎಡೆಬಿಡದೆ ಗುರುಗುಟ್ಟುತ್ತಿತ್ತು.

ಭೀಮಶಂಕರ ಹಿಂಬದಿಗೆ ಕಿವಿಯಿಟ್ಟ. "ಗ್ಯಾಸ್ ಹೋಗೈತಿ," ಎಂದ. ಗ್ಯಾಸು ಅಳೆದರೆ ತುಂಬಿತ್ತು. "ಹಂಗಾರ ರಿಲೇ," ಎಂದ. ರಿಲೇ ಬಿಚ್ಚಿದರೆ ಅದು ಮುತ್ತಿನಂತಿತ್ತು. ಕಂಪ್ರೆಸರ್‌ಗೆ ಒದ್ದೆ ಬಟ್ಟೆ ಹೊದಿಸಿದ, ಟೇಬಲ್ ಫ್ಯಾನು ಹಚ್ಚಿದ, ಕಡೆಗೆ ಅದನ್ನು ತಯಾರಿಸಿದವರ ಏಳು ತಲೆಮಾರನ್ನು ಹೆಸರು ಹೆಸರಾಗಿ ನೆನೆದ. ಅಂಕಿ ಮಾತ್ರ ಬಿಸಿಲೇರಿದಂತೆ ಏರಿ ನಲವತ್ತೊಂದಾಯಿತು. ಉಣ್ಣೆ ಕತ್ತರಿಸುವ ದಿನ ಬರುವ ವಾರವೇ ಇತ್ತು.

ಭಾಗ್ಯ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಒಮ್ಮೆ ಬಾಗಲಾ ತೆಗೆದು ನೋಡೂದಲ್ಲೇನ್ರಿ?"

"ತೆಗೆದ್ರ ಇರೋ ತಂಪೂ ಹೋಗ್ತೈತಿ. ಒಳಗ ನಲವತ್ತೊಂದು ಐತಿ ಅಂತ ಮಷೀನೇ ಹೇಳಾಕತ್ತೈತಿ."

"ಮಷೀನ್ ಹೇಳಿದ್ದು ಕೇಳ್ತೀರಿ, ಹೆಂಡ್ತಿ ಹೇಳಿದ್ದು ಕೇಳಂಗಿಲ್ಲ," ಎಂದವಳೇ ಆಣೆಯನ್ನು ಬದಿಗಿಟ್ಟು ಬಾಗಿಲು ಎಳೆದಳು.

ಒಳಗಿನಿಂದ ಬಂದ ತಣ್ಣನೆಯ ಹೊಗೆಗೆ ನಡುಮನೆಯ ಬೆಕ್ಕು ಚಳಿಯಿಂದ ಮುದುರಿಕೊಂಡಿತು. ಕೊಡದ ಮೇಲೆ ಬಿಳಿಯ ಹಿಮ ಬೆಳೆದಿತ್ತು. ಶುಂಠಿ ಸೋಡಾದ ಮೇಲೆ ರೊಟ್ಟಿಯಷ್ಟು ದಪ್ಪದ ಮಂಜುಗಡ್ಡೆ. ಭಾಗ್ಯ ಅದರ ಮೇಲೆ ಬೆರಳಲ್ಲಿ ತಟ್ಟಿ, "ಒಳಗ ಹಿಮಾಲಯ ಐತ್ರೀ," ಎಂದಳು. "ನಲವತ್ತೊಂದು ನಿಮ್ಮ ತಲಿಯಾಗಿಂದಿರಬೇಕು."

ಭೀಮಶಂಕರ ಕಂಟ್ರೋಲರಿನಿಂದ ಹೊರಟ ಸೆನ್ಸರ್ ವೈರನ್ನು ಹಿಡಿದು, ಬಾವಿಯಿಂದ ಹಗ್ಗ ಎಳೆಯುವವನಂತೆ ಕೈಮೇಲೆ ಕೈಯಿಟ್ಟು ಹಿಂಬಾಲಿಸಿದ. ವೈರು ಮಗ್ಗುಲ ತೂತಿನೊಳಕ್ಕೆ ಹೋಗಲಿಲ್ಲ. ಫ್ರಿಜ್ಜಿನ ಮುಂದಕ್ಕೆ ಬಳಸಿ ಬಂದು, ಹಿಡಿಕೆಯ ಚೆಂಡುಹೂವಿನೊಳಗೆ ನುಗ್ಗಿ, ನಿಂಬೆಹಣ್ಣಿನ ಹಿಂದೆ, ಕರಿ ಉಣ್ಣೆಯ ಉಂಡೆಯೊಳಗೆ ಮುಗಿದಿತ್ತು.

"ಅವ್ವಾ, ಇದನ್ನ್ಯಾಕ ಹೊರಗ ತೆಗೆದಿ?"

"ದೃಷ್ಟಿಗೆ ಕಟ್ಟಿದ ಉಣ್ಣಿ ಬಂದವರ ಕಣ್ಣಿಗೆ ಕಾಣಬ್ಯಾಡೇನೋ?" ಎಂದಳು ಪೆಂಟಮ್ಮ, ಇಷ್ಟೂ ತಿಳಿಯದ ಮಗನನ್ನು ಹೆತ್ತ ಬೇಸರದಲ್ಲಿ. "ಬಾಗಲಾ ಮುಚ್ಚಿದ ಪೆಟ್ಟಿಗಿಯೊಳಗ ಕಟ್ಟಿದ್ರ ಯಾರ ಕಣ್ಣು ತಡೀತೈತಿ? ಜೀವ ಇದರಾಗ ಐತಿ ಅಂದವ ನೀನು. ಜೀವಕ್ಕ ಕಟ್ಟೀನಿ, ಮುಂದ ತಂದು ತೂಗು ಬಿಟ್ಟೀನಿ."

ಹೊರಗಿನ ಬಿಸಿಲನ್ನು ಅಳೆಯುತ್ತಾ ಕೂತ ಸೆನ್ಸರು ಒಳಗೂ ಬೆಂಕಿ ಬಿದ್ದಿದೆ ಎಂದು ನಂಬಿ, ರಾತ್ರಿಯಿಡೀ ಫ್ರಿಜ್ಜನ್ನು ಓಡಿಸಿತ್ತು. ಬೈಯಲು ಬಾಯಿ ತೆರೆದ ಭೀಮಶಂಕರ, ಬೈಯಬೇಕಾದ ಬಾಯಿ ಯಾವುದೆಂದು ಹೊಳೆದದ್ದೇ, ತೆರೆದದ್ದನ್ನು ಮುಚ್ಚಿದ.

ಭಾಗ್ಯ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಅತ್ತಿ, ನಿಮ್ಮ ಮಗನ ಬಾಯಿಗೊಂದು ಹಿಡಿ ಉಣ್ಣಿ ಕಟ್ಟಬೇಕಾಗಿತ್ತು."

ಉಣ್ಣೆ ಬಿಚ್ಚಲು ಹೋದರೆ ಪೆಂಟಮ್ಮ ಕೈ ಅಡ್ಡ ಹಿಡಿದಳು. ಭಂಡಾರ ಹಚ್ಚಿ ಕಟ್ಟಿದ್ದನ್ನು ಕೆಲಸ ಮುಗಿಯುವ ಮುಂಚೆ ಬಿಚ್ಚುವಂತಿಲ್ಲ, ಮೈಲಾರಲಿಂಗ ಮುನಿದಾನು. ಭೀಮಶಂಕರ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಕೊಡವನ್ನು ನೋಡಿದ, ಕೊಡವನ್ನು ನೋಡಿ ಉಂಡೆಯನ್ನು ನೋಡಿದ. ನಿಧಾನವಾಗಿ ಅವನ ಮೀಸೆ ಎರಡೂ ಕಡೆ ಮೇಲೇರಿತು.

ಸೆನ್ಸರಿನ ತುದಿಯನ್ನು ಗಾಳಿಯಲ್ಲಿ ಇಳಿಬಿಟ್ಟದ್ದೇ ಮೊದಲ ತಪ್ಪು. ಗಾಳಿ ಬೇಗ ತಣಿಯುತ್ತದೆ, ಬೇಗ ಕಾಯುತ್ತದೆ. ಕೊಡದ ತುಂಬ ಇರುವ ಸೋಡಾ ಹಾಗಲ್ಲ, ಅದಕ್ಕೆ ಮಂತ್ರಿಯ ಗತ್ತು, ನಿಧಾನಕ್ಕೆ ಎದ್ದು ನಿಧಾನಕ್ಕೆ ಕೂರುತ್ತದೆ. ಉಣ್ಣೆಯನ್ನು ಒಂದು ಮಗ್ಗುಲಿಗೆ ಸರಿಸಿ, ಉಕ್ಕಿನ ತುದಿಯನ್ನು ಕೊಡದ ಹೊಟ್ಟೆಗೆ ಒತ್ತಿ ಹಿಡಿದು, ಉಣ್ಣೆ ಮೇಲೆ ಬರುವಂತೆ ಹಳೇ ಕಂಬಳಿಯ ಪಟ್ಟಿಯಿಂದ ಬಿಗಿದು ಕಟ್ಟಿದ. ಈಗ ಫ್ರಿಜ್ಜಿನ ಗಾಳಿ ತುದಿಯನ್ನು ಮುಟ್ಟಲಾರದು, ತುದಿಗೆ ಕೊಡದ ಮೈಯೊಂದೇ ತಿಳಿಯುವುದು. ಬಂದವರ ಕಣ್ಣಿಗೆಂದು ಹಿಡಿಕೆಗೆ ಬೇರೆ ಒಂದು ಹಿಡಿ ಉಣ್ಣೆಯನ್ನು ಪೆಂಟಮ್ಮ ಕಟ್ಟಿದಳು, ಈ ಸಲ ವೈರಿಲ್ಲದೆ.

ಡಬ್ಬಿಯ ಬಲ್ಬು ಹತ್ತಿಕೊಂಡಿತು. ಮಂಜು ಕರಗಿತು. ಮಲಗಿದ್ದ ಯೀಸ್ಟು ಸಂಜೆಯ ಹೊತ್ತಿಗೆ ಒಂದು ಗುಳ್ಳೆ ಬಿಟ್ಟಿತು. ಆ ಒಂದು ಗುಳ್ಳೆಗೆ ಭೀಮಶಂಕರ ಗಂಡುಮಗು ಹುಟ್ಟಿದವನಂತೆ ಓಣಿಗೆಲ್ಲ ಸಕ್ಕರೆ ಹಂಚಿದ. ಆಮೇಲೆ ಅಂಕಿ ಇಪ್ಪತ್ತೆರಡಕ್ಕೆ ಬಂದು ನಿಂತಿತು. ಹೇಗೆ ನಿಂತಿತೆಂದರೆ, ಕಂಟ್ರೋಲರ್ ಕೆಟ್ಟಿದೆಯೇನೋ ಎಂದು ಭಾಗ್ಯ ಅದನ್ನು ಎರಡು ಸಲ ತಟ್ಟಿ ನೋಡಿದಳು. ಹೊರಗೆ ಮಕ್ತಲದ ಡಾಂಬರು ರಸ್ತೆ ಪಾಯಸವಾಗಿ ಹರಿಯುತ್ತಿತ್ತು, ಒಳಗೆ ಕೊಡ ಊಟಿಯಲ್ಲಿತ್ತು. ಗುಳ್ಳೆಗಳೆಲ್ಲ ಅಡಗಿದ ಮೇಲೆಯೇ ಬಾಟಲಿಗೆ ತುಂಬಿ, ಚಿಟಿಕೆ ಬೆಲ್ಲ ಹಾಕಿ ಮುಚ್ಚಿದ.

"ಇದು ನಂದೇ ಡಿಸೈನ್," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. "ಉಣ್ಣಿ ಇನ್ಸುಲೇಶನ್. ಜರ್ಮನಿಯವರಿಗೂ ಹೊಳೆದಿಲ್ಲ."

ಮಲ್ದಕಲ್‌ನ ಹಟ್ಟಿಯಲ್ಲಿ ಆ ದಿನ ಕತ್ತರಿಯವರು ಬೇಕೆಂದೇ ದೂರ ಕೂತಿದ್ದರು. ಹೋದ ವರ್ಷವನ್ನು ಮರೆಯದ ಒಂದು ಮುದಿ ಟಗರು ಭೀಮಶಂಕರ ಬಾಟಲಿ ತುಂಬಿ ತಂದ ಐಸ್ ಪೆಟ್ಟಿಗೆ ಕಂಡೊಡನೆ ಗೂಟವನ್ನೇ ಕಿತ್ತುಕೊಂಡು ಬೇಲಿಯ ಹಿಂದೆ ಹೋಗಿ ನಿಂತಿತು. ಸಾಯಿಪ್ರಸಾದ ಬೈಕಿನ ಮೇಲೆ ಒಂದು ಕೇಸು ಕೂಲ್‌ಡ್ರಿಂಕ್ಸ್ ತಯಾರಿಟ್ಟುಕೊಂಡೇ ಬಂದಿದ್ದ. "ಏಮನ್ನಾ, ಈಸಾರಿ ಕೂಡಾ ಪೇಲುತುಂದಾ?" ಎಂದು ಗದ್ವಾಲದ ತೆಲುಗಿನಲ್ಲಿ ಕೇಳಿದ, ಈ ಸಲವೂ ಸಿಡಿಯುತ್ತದೆಯೇ ಎಂದು.

"ಸಿಡಿದ್ರ ನಿನ್ನ ಬೈಕ್ ತೊಳಿಯಾಕ ಬರ್ತೈತಿ, ತಡಿ ತಮ್ಮ," ಎಂದ ಭೀಮಶಂಕರ. ಆದರೆ ಬಾಟಲಿಯನ್ನು ಮುಖದಿಂದ ಒಂದು ತೋಳಿನಷ್ಟು ದೂರ ಹಿಡಿದೇ ಮುಚ್ಚಳಕ್ಕೆ ಕೈ ಹಾಕಿದ. ಭಾಗ್ಯ ತಂಗಿಯ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು.

ಮುಚ್ಚಳ ತಿರುಗಿತು. ಮಲಗಿದ ಮಗು ಉಸಿರು ಬಿಟ್ಟಷ್ಟು ಸದ್ದು ಬಂತು. ಬಂಗಾರದ ಬಣ್ಣದ ಸೋಡಾ ಲೋಟದಲ್ಲಿ ಕತ್ತಿನ ತನಕ ನೊರೆಯೆದ್ದು, ಅಂಚಿಗೆ ಬಂದು, ಅಲ್ಲೇ ಮರ್ಯಾದೆಯಿಂದ ನಿಂತಿತು.

ಆಶಪ್ಪ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಇನ್ನೊಂದು ಗುಟುಕು ಕುಡಿದ. ಲೋಟ ಬರಿದಾದ ಮೇಲೆ, ಮೇಲೆ ಎತ್ತಿ ಕಡೆಯ ಹನಿ ಬೀಳುವ ತನಕ ಕಾದ.

"ಸಾಯಿಪ್ರಸಾದಾ," ಎಂದ. "ನಿನ್ನ ಕೇಸು ಬಿಚ್ಚಬ್ಯಾಡ. ಅಂಗಡಿಗೆ ವಾಪಸ್ ಒಯ್ಯಿ."

ಕತ್ತರಿಯವರು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಮೊದಲ ಕುರಿಯ ಉಣ್ಣೆ ಇಳಿಯಿತು. ಆಶಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹಿರಿಯ ಅಳಿಯನ ಹೆಗಲ ಮೇಲೆ ಹೊದಿಸಿದ. ಭಾಗ್ಯ ತಲೆ ಎತ್ತಿ ತಂಗಿಯ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಬೇಲಿಯ ಹಿಂದಿನ ಟಗರು ಇನ್ನೂ ಎರಡು ಹೆಜ್ಜೆ ಹಿಂದೆ ಸರಿಯಿತು.

ವಾಪಸು ಬರುವಾಗ ಜೂರಾಲ ಕಟ್ಟೆಯ ಮೇಲೆ ಬೆಂಕಿಯಂಥ ಗಾಳಿ ಬೀಸುತ್ತಿತ್ತು. ಭೀಮಶಂಕರ ಉಣ್ಣೆಯನ್ನು ಇಳಿಸಲಿಲ್ಲ. ಬೆವರು ಅವನ ಮೈಯಿಂದ ಹರಿದು ಕೃಷ್ಣೆ ಒಂದು ಗೇಣು ಏರಿತು. ಎದುರು ಬಂದ ಪ್ರತಿ ಲಾರಿಗೂ ಹಾರ್ನು ಹೊಡೆದು ಹೆಗಲು ತೋರಿಸಿದ.

"ಅದನ್ನ ತೆಗೀರಿ ಇನ್ನ, ಮೈ ಕಾದ ಹಂಚಾಗೇತಿ," ಎಂದಳು ಬೈಕಿನ ಹಿಂದೆ ಕೂತ ಭಾಗ್ಯ.

"ಮಕ್ತಲ ಬಸ್‌ಸ್ಟ್ಯಾಂಡ್ ದಾಟೂ ತನಕ ಇರ್ಲಿ."

"ಬಸ್‌ಸ್ಟ್ಯಾಂಡ್ ನಮ್ಮ ಮನಿ ಹಾದ್ಯಾಗ ಇಲ್ಲಲ್ರಿ."

"ಇವತ್ತು ಐತಿ," ಎಂದ ಭೀಮಶಂಕರ.