ನೀಲಪ್ಪನ ಪದಗಳೂ ಮಗ್ಗದ ಗದ್ದಲವೂ

ಗಜೇಂದ್ರಗಡದ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ವಸೀಮನಿಗೆ ಸದ್ದೆಂದರೆ ಆಗುತ್ತಿರಲಿಲ್ಲ. ಗಿರಾಕಿ ತಂದ ಕಂಪ್ಯೂಟರಿನಲ್ಲಿ ಕೆಟ್ಟದ್ದು ಯಾವುದೇ ಇರಲಿ, ಅದರ ಫ್ಯಾನು ಗೊರ್ರೆನ್ನುತ್ತಿದ್ದರೆ ಮೊದಲು ಅದನ್ನು ಬಿಚ್ಚಿ, ಧೂಳು ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು ಅದರ ಬಾಯಿ ಮುಚ್ಚಿಸುತ್ತಿದ್ದ. ಉಳಿದ ರೋಗ ಆಮೇಲೆ. ಇಂಥ ಹುಚ್ಚು ಅವನಿಗೆ ಸುಮ್ಮನೆ ಹತ್ತಿದ್ದಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವನು. ಅಪ್ಪ ಮೆಹಬೂಬಸುಭಾನಿಯ ಕುಣಿಮಗ್ಗ ಪಡಸಾಲೆಯಲ್ಲೇ ಇತ್ತು. ಬೆಳಗಿನ ಚಹಾ ಆದಾಗಿನಿಂದ ದೀಪ ಹಚ್ಚುವ ಹೊತ್ತಿನ ತನಕ ಟಕ್ ಟಕ್, ಟಕ್ ಟಕ್. ಆ ಹೊಡೆತದ ನಡುವೆಯೇ ಮಗ್ಗಿ ಬಾಯಿಪಾಠ, ಆ ಹೊಡೆತದ ನಡುವೆಯೇ ಹತ್ತನೆಯ ಇಯತ್ತೆಯ ಪರೀಕ್ಷೆ. ಕಿವಿಯಲ್ಲಿ ಹತ್ತಿ ತುರುಕಿಕೊಂಡು ಓದಿದ ಹುಡುಗ ದೊಡ್ಡವನಾಗಿ ಮೊದಲು ಮಾಡಿದ ಕೆಲಸ ಮಗ್ಗದಿಂದ ದೂರ ಓಡಿದ್ದು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ. ನಲವತ್ತು ದಿನ ಮುಗಿದ ಮಾರನೆಯ ವಾರವೇ ವಸೀಮ ಮಗ್ಗ ಬಿಚ್ಚಿಸಿ, ಕುಣಿಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟು ಹಾಕಿಸಿದ. ಮನೆ ಎಷ್ಟು ಶಾಂತವಾಯಿತು ಎಂದು ತಾನೇ ಬೆನ್ನು ತಟ್ಟಿಕೊಂಡ.

೨೦೦೬ರ ದೀಪಾವಳಿ ಮುಗಿದ ಮೇಲೆ ಅನ್ನಪೂರ್ಣಾ ಅಂಗಡಿಗೆ ಬಂದಳು. ಹಿಂದಿನ ಓಣಿಯ ನೀಲಪ್ಪನ ಮಗಳು. ರೋಣದಲ್ಲಿ ಶಾಲೆ ಕಲಿಸುತ್ತಿದ್ದಳು, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ನೀಲಪ್ಪನೂ ನೇಕಾರನೇ, ಮೆಹಬೂಬಸುಭಾನಿಯ ಜೀವದ ಗೆಳೆಯ. ಆದರೆ ಊರು ಅವನನ್ನು ಗುರುತಿಸುತ್ತಿದ್ದದ್ದು ದನಿಯಿಂದ. ಮೊಹರಮ್ ಬಂದರೆ ಮೆರವಣಿಗೆಯಲ್ಲಿ ಹೊರುವ ಪಂಜಾಗಳ ಮುಂದೆ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳಿಗೆ ಮೂವತ್ತು ವರ್ಷ ಅವನೇ ಮುಂದಾಳು. ಕರ್ಬಲಾದ ಕಥೆಯನ್ನು ಅವನು ಹಾಡುತ್ತಿದ್ದರೆ ಹಿಂದೂಗಳ ಮನೆಯ ಮುದುಕಿಯರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥವನಿಗೆ ಯುಗಾದಿಯ ಹೊತ್ತಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋಗಿದ್ದವು. ಮಾತು ತಡೆದು ತಡೆದು ಬರುತ್ತಿತ್ತು. ಹಾಡಂತೂ ಮುಗಿದೇ ಹೋಗಿತ್ತು.

"ಅಪ್ಪನ ಪದದ ಹಳೇ ಕ್ಯಾಸೆಟ್ ನಲವತ್ತಾರು ಅದಾವ," ಎಂದಳು ಅನ್ನಪೂರ್ಣಾ. "ಅಪ್ಪಗ ಒಂದ ಕೈಲೆ ಕ್ಯಾಸೆಟ್ ಹಾಕಾಕ ಬರೂದಿಲ್ಲ. ನಾ ಸಾಲಿಗೆ ಹೋದ ಮ್ಯಾಲ ದಿನಾ ಗ್ವಾಡಿ ನೋಡ್ಕೋಂತ ಮಲಗತಾನ. ಟೀವಿಗೆ ಹಚ್ಚೂ ಕಂಪ್ಯೂಟರ್ ಒಂದ ಮಾಡಿ ಕೊಡು ವಸೀಮ. ಎಡಗೈಲೆ ರಿಮೋಟ್ ಒತ್ತಿದ್ರ ಪದ ಬರಬೇಕು. ಅಷ್ಟ ಸಾಕು ಅವಗ."

"ಅಷ್ಟ ಯಾಕ ಅಕ್ಕಾ, ಫೋಟೋ, ಸಿನಿಮಾ ಎಲ್ಲಾ ಬರೂಹಂಗ ಮಾಡ್ತೀನಿ," ಎಂದ ವಸೀಮ. ಅವನಿಗೆ ಉಮೇದಿ ಬಂದುಬಿಟ್ಟಿತ್ತು.

ಉಮೇದಿಯಿಂದಲೇ ಮಾಡಿದ, ಅದರಲ್ಲಿ ಕೊರತೆಯಿಲ್ಲ. ಟೀವಿಯ ಕೆಳಗೆ ಅಡ್ಡ ಮಲಗುವಂಥ ಡಬ್ಬಿ ಹುಡುಕಿದ. ದೊಡ್ಡದಾದ, ನಿಧಾನ ತಿರುಗುವ ಫ್ಯಾನು ಹಾಕಿ, ಅದರ ನಾಲ್ಕು ಸ್ಕ್ರೂಗಳಿಗೂ ಸೈಕಲ್ ಟ್ಯೂಬ್ ಕತ್ತರಿಸಿ ಮೆತ್ತೆ ಕೊಟ್ಟ. ಪದಗಳ ಪಟ್ಟಿ ತೋರಿಸುವ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಬಾರದು. ಬರೀ ಚೌಕ ಚೌಕ ಡಬ್ಬಿ ತೋರಿಸುತ್ತಿತ್ತು. ಅದಕ್ಕೆ ಒಂದೊಂದು ಪದದ ಹೆಸರನ್ನೂ ಚಿತ್ರವಾಗಿ ಬರೆದು, ಹಾಸಿಗೆಯಿಂದ ಕಾಣುವಷ್ಟು ದಪ್ಪಗೆ ಜೋಡಿಸಿದ. ರಿಮೋಟಿನ ಬೇಡದ ಗುಂಡಿಗಳನ್ನೆಲ್ಲ ಟೇಪು ಹಚ್ಚಿ ಮುಚ್ಚಿ, ಬೇಕಾದ ಮೂರಕ್ಕೆ ಬಣ್ಣ ಬಣ್ಣದ ರೇಷ್ಮೆ ನೂಲಿನ ಗಂಟು ಅಂಟಿಸಿದ. ಕೆಂಪು ಒತ್ತಿದರೆ ಪದ, ಹಸಿರು ಒತ್ತಿದರೆ ಮುಂದಿನದು, ಹಳದಿ ಒತ್ತಿದರೆ ಬಂದ್. ನೇಕಾರನ ಬೆರಳಿಗೆ ನೂಲು ಕಲಿಸಿಕೊಡಬೇಕೇ?

ಇನ್ನು ಕ್ಯಾಸೆಟ್ಟು. ನೀಲಪ್ಪ ಹೊಸ ಪದ ಕಟ್ಟಿದಾಗಲೆಲ್ಲ ಮೆಹಬೂಬಸುಭಾನಿಯ ಪಡಸಾಲೆಗೆ ಬಂದು, ಮಗ್ಗದ ಪಕ್ಕ ಕುಳಿತು ಹಾಡಿ ನೋಡುತ್ತಿದ್ದ. ಆಗ ಅನ್ನಪೂರ್ಣಾ ಇನ್ನೂ ಲಂಗದ ಹುಡುಗಿ. ಟೇಪ್ ರೆಕಾರ್ಡರಿನ ಗುಂಡಿ ಒತ್ತುವುದು ಅವಳ ಕೆಲಸ. ಹೀಗಾಗಿ ನಲವತ್ತಾರು ಕ್ಯಾಸೆಟ್ಟಿನಲ್ಲೂ ನೀಲಪ್ಪನ ದನಿಯ ಜೊತೆಗೆ ಮೆಹಬೂಬಸುಭಾನಿಯ ಮಗ್ಗವಿತ್ತು. ಟಕ್ ಟಕ್, ಟಕ್ ಟಕ್.

ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನು ಕಂಪ್ಯೂಟರ್ ತಾನಾಗಿಯೇ ತೆಗೆಯಿತು. ಮಗ್ಗ ಹಾಗೆ ಬಗ್ಗಲಿಲ್ಲ. ವಸೀಮ ಬಿಡುವ ಆಸಾಮಿಯಲ್ಲ. ಪರದೆಯ ಮೇಲೆ ದನಿ ಗೆರೆಗೆರೆಯಾಗಿ ಕಾಣುತ್ತಿತ್ತು; ಮಗ್ಗದ ಏಟು ಬಿದ್ದಲ್ಲೆಲ್ಲ ಒಂದು ಮೊನಚು. ಒಂದೊಂದೇ ಮೊನಚನ್ನು ಮೌಸಿನಿಂದ ಹಿಡಿದು ಅಳಿಸುತ್ತ ಹೋದ. ಒಂದು ಪದಕ್ಕೆ ಇನ್ನೂರು ಮುನ್ನೂರು ಏಟು. ಗಿರಾಕಿಗಳನ್ನು ನಾಳೆ ಬಾ ಎಂದು ಕಳಿಸಿ, ತಿಂಗಳುಗಟ್ಟಲೆ ಅದನ್ನೇ ಮಾಡಿದ. ಯಾವ ಪದದಲ್ಲಿ ಎಲ್ಲಿ ಏಟು ಬೀಳುತ್ತದೆ ಎಂಬುದು ಅವನ ಬೆರಳಿಗೆ ಬಾಯಿಪಾಠವಾಗಿಹೋಯಿತು. ಅದು ತನ್ನಪ್ಪನ ಮಗ್ಗ ಎಂದು ಅವನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಅಳಿಸುವಾಗ ಒಂದು ಥರದ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಬಾಲ್ಯದಲ್ಲಿ ನಿಲ್ಲಿಸಲಾಗದ್ದನ್ನು ಈಗ ನಿಲ್ಲಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಡಿಸ್ಕಿನಲ್ಲಿ ಜಾಗ ಸಾಲದೆಂದು, ಒಂದು ಪದ ಶುದ್ಧವಾದ ಕೂಡಲೇ ಅದರ ಗದ್ದಲದ ಪ್ರತಿಯನ್ನು ತೆಗೆದುಹಾಕುತ್ತಿದ್ದ. ಕಂಪ್ಯೂಟರಿಗೆ ಇಳಿಸಿಕೊಂಡಾದ ಕ್ಯಾಸೆಟ್ಟುಗಳು ಅಂಗಡಿಯ ಮೂಲೆಯಲ್ಲಿ ಕೂತಿದ್ದವು. ಆಗ ಜೋಳ ಹಾಲುಗಾಳಾಗುವ ಸಮಯ. ಹಕ್ಕಿ ಕಾಯಲು ರೈತರು ಹೊಲದ ತುಂಬ ಕ್ಯಾಸೆಟ್ಟಿನ ರೀಲು ಎಳೆದು ಕಟ್ಟುತ್ತಾರೆ. ಬಿಸಿಲಿಗೆ ಫಳಫಳ ಹೊಳೆದು ಗಾಳಿಗೆ ಗುಂಯ್ಯೆನ್ನುತ್ತದೆ, ಗುಬ್ಬಿ ಹತ್ತಿರ ಬರುವುದಿಲ್ಲ. ಪುರ್ತಗೇರಿಯ ಹೊಳಿಯಪ್ಪ ಬಂದು, "ಹಳೇ ರೀಲ ಅದಾವೇನಪಾ?" ಎಂದು ಕೇಳಿದಾಗ ವಸೀಮ ನಲವತ್ತಾರನ್ನೂ ಚೀಲದಲ್ಲಿ ತುಂಬಿ ಕೊಟ್ಟುಬಿಟ್ಟ. ಅನ್ನಪೂರ್ಣಾಳನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಒಂದು ರವಿವಾರ ಮುಂಜಾನೆ ಕಂಪ್ಯೂಟರನ್ನು ನೀಲಪ್ಪನ ಮನೆಗೆ ಒಯ್ದು ಟೀವಿಗೆ ಜೋಡಿಸಿದ. ಓಣಿಯ ನಾಲ್ಕು ಜನ ಬಾಗಿಲಲ್ಲಿ ಕೂಡಿದರು. ನೀಲಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿ, ಎಡಗೈಗೆ ರಿಮೋಟ್ ಕೊಟ್ಟರು. ಅವನು ಬೆರಳಿನಿಂದ ನೂಲಿನ ಗಂಟು ಸವರಿ ನೋಡಿ ನಕ್ಕ. ಕೆಂಪು ಒತ್ತಿದ.

ಪದ ಎದ್ದಿತು. ದನಿಯೆಂದರೆ ದನಿ, ತೊಳೆದಿಟ್ಟ ಹಾಗೆ. "ಅವ್ವಯ್ಯ, ರೇಡಿಯೋದಾಗ ಹಾಡಿದಂಗೈತಿ," ಎಂದಳು ನೆರೆಮನೆಯ ಸಿದ್ದಲಿಂಗವ್ವ. ವಸೀಮ ಎದೆ ಉಬ್ಬಿಸಿ ನಿಂತಿದ್ದ. ನೀಲಪ್ಪ ಮಾತ್ರ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದ. ಹಸಿರು ಒತ್ತಿದ. ಎರಡನೆಯ ಪದ. ಮತ್ತೆ ಹಸಿರು. ಮೂರನೆಯದು, ನಾಲ್ಕನೆಯದು. ಏನನ್ನೋ ಹುಡುಕುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

"ವಸೀಮಾ," ಎಂದ ಕೊನೆಗೆ, ತಡೆದು ತಡೆದು. "ಮಗ್ಗ... ಎಲ್ಲೈತಿ?"

"ತಗದೀನ್ರಿ ಕಾಕಾ. ಭಾಳ ಗದ್ಲ ಇತ್ತು. ಒಂದೊಂದ ಏಟ ಹಿಡದು ತಗದೀನಿ."

ನೀಲಪ್ಪ ಅವನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಅದು ಗದ್ಲ ಅಲ್ಲಪಾ ತಮ್ಮಾ. ಅಂವ ನಿಮ್ಮಪ್ಪ." ಸ್ವಲ್ಪ ಹೊತ್ತು ದಣಿವಾರಿಸಿಕೊಂಡ. "ನಾ ಹಾಡೇನಿ. ಅಂವ ನೇಯ್ದಾನ. ಮಾತ ಆಡಿಲ್ಲ ಒಂದರ. ಇಬ್ಬರೂ ಕೂಡಿ... ಮಾಡಿದ್ದು ಅದು. ಅಂವ ಹೋದ ಮ್ಯಾಲ, ಈ ಕ್ಯಾಸೆಟ್ಟಿನಾಗ ಅಷ್ಟ ಇದ್ದ."

ಬಾಗಿಲಲ್ಲಿದ್ದವರು ಒಬ್ಬೊಬ್ಬರೇ ಸರಿದುಹೋದರು.

"ಕ್ಯಾಸೆಟ್ ಅಂಗಡ್ಯಾಗ ಅದಾವ್ರಿ ಕಾಕಾ," ಎಂದುಬಿಟ್ಟ ವಸೀಮ. "ಮತ್ತ ಹಾಕಿ ಕೊಡ್ತೀನಿ. ಚಿಂತಿ ಮಾಡಬ್ಯಾಡ್ರಿ."

ಸುಳ್ಳು ಹೇಳಿದ ಬಾಯಿಯನ್ನು ಮುಚ್ಚಿಕೊಂಡು ನೇರ ಮೋಟಾರ್ ಸೈಕಲ್ ಹತ್ತಿ ಪುರ್ತಗೇರಿಗೆ ಹೋದ. ಹೊಳಿಯಪ್ಪ ಹೊಲದ ಬದುವಿನ ಮೇಲೆ ಕುಳಿತು ರೊಟ್ಟಿ ಬಿಚ್ಚುತ್ತಿದ್ದ.

"ಬಾರಪಾ ಬಾ. ಭಾಳ ಉಪಕಾರ ಆತು ನೋಡು. ಒಂದ ಗುಬ್ಬಿ ಸುಳಿದಿಲ್ಲ."

ನಾಲ್ಕೆಕರೆ ಜೋಳದ ಮೇಲೆ ಗೂಟದಿಂದ ಗೂಟಕ್ಕೆ ರೀಲು ಹಬ್ಬಿತ್ತು. ಮೂರು ವಾರದ ಬಿಸಿಲಿಗೆ ಸುಕ್ಕುಗಟ್ಟಿ, ಇಬ್ಬನಿಗೆ ಪುಡಿ ಉದುರಿ, ಅಲ್ಲಲ್ಲಿ ಹರಿದು ಜೋತಾಡುತ್ತಿತ್ತು. ವಸೀಮ ಒಂದು ಎಳೆ ಹಿಡಿದು ಎಳೆದ; ಕೈಯಲ್ಲೇ ತುಂಡಾಯಿತು. ಬೆರಳಿಗೆಲ್ಲ ಕಂದು ಪುಡಿ ಹತ್ತಿತು. ಆದರೂ ಹೊತ್ತು ಇಳಿಯುವ ತನಕ ಗೂಟದಿಂದ ಗೂಟಕ್ಕೆ ತಿರುಗಿ, ಸಿಕ್ಕಷ್ಟನ್ನು ಸುತ್ತಿ ಸುತ್ತಿ ಉಂಡೆ ಮಾಡಿದ. ಹೊಳಿಯಪ್ಪನಿಗೆ ಇದೆಂಥ ತಲೆ ಕೆಟ್ಟ ಮನುಷ್ಯ ಎನ್ನಿಸಿರಬೇಕು. ಕೇಳುವಷ್ಟು ಧೈರ್ಯ ಅವನಿಗೆ ಬರಲಿಲ್ಲ.

ಮನೆಗೆ ಬಂದು ಉಂಡೆ ಬಿಚ್ಚಿ, ನೆಟ್ಟಗಿದ್ದ ತುಂಡುಗಳನ್ನು ಬೇರೆ ಕ್ಯಾಸೆಟ್ಟಿಗೆ ಅಂಟಿಸಿ ಹಾಕಿ ನೋಡಿದ. ಖರಖರ, ಅಷ್ಟೆ. ತಾಯಿ ಮೈಮುನಬಿ ಹತ್ತಿರ ಬಂದು ಕೂತಳು. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ, ಎಲ್ಲವನ್ನೂ ಹೇಳಿದ.

"ಮಗ್ಗದ ಸದ್ದಿನ ಮ್ಯಾಗ ನಾ ಅವರ ಸಿಟ್ಟು, ಹಸಿವಿ, ಎಲ್ಲಾ ತಿಳ್ಕೊಂತಿದ್ನಿ," ಎಂದಳು. "ಅದು ಕ್ಯಾಸೆಟ್ಟಿನಾಗ ಐತಿ ಅಂತ ನನಗ ಗೊತ್ತಽ ಇರಲಿಲ್ಲ. ಅದನ್ನ ತಗಿಯೂದಕ್ಕ ಮೊದಲ ನನಗೊಮ್ಮಿ ಕೇಳಸಬಾರದಿತ್ತೇನ ಬೇಟಾ?"

ವಸೀಮ ತಲೆ ತಗ್ಗಿಸಿದ. ಸಿಮೆಂಟು ಹಾಕಿಸಿದ ಜಾಗದ ಮೇಲೆಯೇ ಅವರಿಬ್ಬರೂ ಕೂತಿದ್ದರು. ಅಪ್ಪನನ್ನು ಎರಡು ಸಲ ಹೂಳಿದೆ, ಎರಡನೆಯ ಸಲ ಒಂದೊಂದೇ ಏಟು ಎಣಿಸಿ ಹೂಳಿದೆ ಎಂದುಕೊಂಡ.

ಮಾರನೆಯ ದಿನ ಅನ್ನಪೂರ್ಣಾ ಶಾಲೆಯಿಂದ ಬರುವುದನ್ನೇ ಕಾಯ್ದು ಅವರ ಮನೆಗೆ ಹೋದ. ನೀಲಪ್ಪನ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತ.

"ನಿನ್ನಿ ಸುಳ್ಳು ಹೇಳಿದೆ ಕಾಕಾ. ಕ್ಯಾಸೆಟ್ ಇಲ್ರಿ. ಹೊಲಕ್ಕ ಕಟ್ಟಾಕ ಕೊಟ್ಟಬಿಟ್ಟೆ. ಎಲ್ಲಾ ಹಾಳಾಗ್ಯಾವ. ತಿರುಗಿ ಬರೂದಿಲ್ಲ."

ಅನ್ನಪೂರ್ಣಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಕ್ಯಾಸೆಟ್ ನಾ ನಿನಗ ಇಟ್ಟುಕೋ ಅಂತ ಕೊಟ್ಟಿರಲಿಲ್ಲ ವಸೀಮ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ನೀಲಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ವಸೀಮನಿಗೆ ಎದ್ದು ಹೋಗಲೂ ಆಗಲಿಲ್ಲ, ಕೂತಿರಲೂ ಆಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ನೀಲಪ್ಪನ ಎಡಗೈ ಚಾದರದ ಮೇಲೆ ರಿಮೋಟ್ ಹುಡುಕಿತು. ಕೆಂಪು ಒತ್ತಿದ. ಮೊದಲನೆಯ ಪದವೇ ಎದ್ದಿತು. ದನಿ ಒಂದು ಸಾಲು ಮುಗಿಸಿ ಮುಂದಿನದಕ್ಕೆ ಹೊರಳುವ ಕಡೆ, ವಸೀಮನಿಗೆ ಅರಿವಿಲ್ಲದೆ, ಅವನ ಕೈ ಮಂಚದ ಪಟ್ಟಿಗೆ ಬಡಿಯಿತು. ಟಕ್ ಟಕ್. ಆಮೇಲೆ ಅವನು ಬೇಕೆಂದೇ ಬಡಿದ. ಎಲ್ಲೆಲ್ಲಿ ಅಳಿಸಿದ್ದನೋ ಅಲ್ಲೆಲ್ಲ ಬಡಿಯುತ್ತ ಹೋದ. ಲೋಕದಲ್ಲಿ ಆ ಜಾಗಗಳು ಗೊತ್ತಿದ್ದವನು ಅವನೊಬ್ಬನೇ ಅಲ್ಲವೆ. ನೀಲಪ್ಪ ಗೋಡೆಯಿಂದ ಮುಖ ತಿರುಗಿಸಿ, ಕಣ್ಣು ಮುಚ್ಚಿ ಕೇಳಿದ.

ಪದ ಮುಗಿಯಿತು. ವಸೀಮನ ಅಂಗೈ ಕೆಂಪಾಗಿತ್ತು. ಸ್ವಲ್ಪವಾದರೂ ತೀರಿತೇನೋ ಎಂಬ ಆಸೆ ಅವನ ಮುಖದಲ್ಲಿತ್ತು.

"ಹ್ಯಾಂಗ ನೆನಪೈತಿ ನಿನಗ?" ಎಂದ ನೀಲಪ್ಪ.

"ತಗದಾಂವ ನಾನ ಅಲ್ರಿ ಕಾಕಾ."

"ಹೂಂ. ಎಲ್ಲಾ ಬರೋಬ್ಬರಿ ಐತಿ. ಆದ್ರ ಮೂರನೇ ನುಡಿಯಾಗ... ನಾ ದನಿ ಏರಸೂ ಮುಂದ... ಅಲ್ಲಿ ನೀ ಹೊಡದಿ. ಅಲ್ಲಿ ಅಂವ ಹೊಡೀತಿರಲಿಲ್ಲ. ನನಗ ದಮ್ಮು ಸಾಲ್ತಿರಲಿಲ್ಲ ಅಂತ ಅವಗ ಗೊತ್ತಿತ್ತು. ನಾ ಉಸರ ತಗೊಳ್ಳೂ ತನಕ... ಲಾಳಿ ಕೈಯಾಗ ಹಿಡಕೊಂಡು ಕುಂದರತಿದ್ದ."

ಬಡಿತದ ಓಟದಲ್ಲಿ ಕೈ ಅಲ್ಲೂ ಬಿದ್ದಿತ್ತು; ವಸೀಮ ಆ ಜಾಗವನ್ನು ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಸಾವಿರಾರು ಏಟು ಅವನ ಬೆರಳಲ್ಲಿದ್ದವು, ಆದರೆ ಅಪ್ಪ ಸುಮ್ಮನೆ ಕಾಯ್ದ ಕಡೆ ಅಳಿಸಲು ಏನೂ ಇರಲಿಲ್ಲ. ಅದಕ್ಕೇ ಅವನು ಅದನ್ನು ಕೇಳಿಯೇ ಇರಲಿಲ್ಲ, ಈ ಕಂಪ್ಯೂಟರಿನ ಮುಂದೂ ಇಲ್ಲ, ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಇಲ್ಲ.

"ಮತ್ತೊಮ್ಮಿ," ಎಂದು ನೀಲಪ್ಪ ಕೆಂಪು ಒತ್ತಿದ.

ಮೊದಲ ನುಡಿ, ಎರಡನೆಯ ನುಡಿ. ಮೂರನೆಯದರಲ್ಲಿ ಆ ಜಾಗ ಬಂತು. ವಸೀಮ ಎತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡ. ಟೀವಿಯೊಳಗಿಂದ, ತಾನು ಅಷ್ಟು ಶುದ್ಧ ಮಾಡಿದ ಆ ದನಿಯ ನಡುವೆ, ನೀಲಪ್ಪ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಕೈ ಇಳಿಸಬೇಕಿತ್ತು. ಇಳಿಸಲು ಅವನಿಂದ ಆಗಲಿಲ್ಲ, ಅಳುತ್ತಿದ್ದ. ಪದ ಅವನಿಗಾಗಿ ನಿಲ್ಲದೆ ಮುಂದೆ ಹೋಯಿತು.